ಹಸಿರು ಡಬ್ಬಿಗೊಂದು ಮುಚ್ಚಳ

ಮುಚ್ಚಳ ಮಾಡಿಸಿಕೊಳ್ಳಲು ಬರುವವರು ನಮ್ಮ ಕಸುಬಿನಲ್ಲಿ ಕಡಿಮೆ. ಮಡಕೆ ಒಡೆದರೆ ಹೊಸ ಮಡಕೆ ಕೊಳ್ಳುತ್ತಾರೆ, ಮುಚ್ಚಳ ಒಡೆದರೆ ಮೇಲೊಂದು ತಟ್ಟೆ ಬೋರಲು ಹಾಕುತ್ತಾರೆ. ಹಾಗಿರುವಾಗ ಅಂತರಸಂತೆಯಿಂದ ಹೊರಟು, ಎಚ್.ಡಿ. ಕೋಟೆ, ಹುಣಸೂರು, ಕೆ.ಆರ್. ನಗರ ಎಂದು ಮೂರು ಕಡೆ ಬಸ್ಸು ಬದಲಾಯಿಸಿ, ಮಿರ್ಲೆ ಹತ್ತಿರ ಮಡಕೆ ಸುಡುವ ನಮ್ಮ ಗೂಡಿನ ತನಕ ಇಬ್ಬರು ಹೆಂಗಸರು ಅಂಗೈಯಗಲದ ಒಂದು ಡಬ್ಬಿಗೆ ಮುಚ್ಚಳ ಕೇಳಿಕೊಂಡು ಬಂದರೆ ನಗು ಬರದೆ ಇನ್ನೇನು ಬರುತ್ತದೆ? ನಕ್ಕುಬಿಟ್ಟೆ. ಆ ನಗು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಬಂದವರಲ್ಲಿ ಒಬ್ಬರು ಎಪ್ಪತ್ತು ದಾಟಿದ ಅಜ್ಜಿ, ಇನ್ನೊಬ್ಬರು ಅವರ ಸೊಸೆ. ಸೊಸೆಗೆ ಕಬಿನಿ ಹಿನ್ನೀರಿನ ಪಕ್ಕದ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಕೆಲಸ. ಅಲ್ಲಿಗೆ ಸಾರಿನ ಬಟ್ಟಲು, ಉಪ್ಪಿನಕಾಯಿ ಕುಡಿಕೆ ಮಾಡಿಕೊಡುವವನು ನಾನು. ಬಟ್ಟಲ ತಳದಲ್ಲಿ ಒತ್ತಿದ್ದ ನನ್ನ ಗುರುತು ನೋಡಿ, ಸ್ಟೋರಿನವರ ಹತ್ತಿರ ನಂಬರು ಇಸಿದುಕೊಂಡು, ಅತ್ತೆಯನ್ನು ಕರೆದುಕೊಂಡು ಬಂದಿದ್ದರು.

ಅಜ್ಜಿ ಟವೆಲು ಬಿಚ್ಚಿದರು. ನನ್ನ ನಗು ಅಲ್ಲೇ ನಿಂತಿತು.

ಎಳೆ ವೀಳ್ಯದೆಲೆಯನ್ನು ಮಗುಚಿದರೆ ಹಿಂಬದಿಯಲ್ಲಿ ಕಾಣುತ್ತದಲ್ಲ, ಆ ಹಸಿರು. ಹೊಟ್ಟೆಯ ಸುತ್ತ ತಾವರೆಯ ದಳ ಕೊರೆದಿತ್ತು. ಹಸಿಮಣ್ಣಿನಲ್ಲಿ ಚೂರಿಯನ್ನು ಓರೆಯಾಗಿ ಹಿಡಿದು ಒಂದೇ ಎಳೆತಕ್ಕೆ ಕೊರೆದದ್ದು, ತಿದ್ದಿದ ಗುರುತಿಲ್ಲ. ಗೆರೆ ಆಳವಾದ ಕಡೆ ಗಾಜಿನಂಥ ಲೇಪ ಹರಿದು ನಿಂತು ಬಣ್ಣ ಕಡುವಾಗಿತ್ತು, ದಳದ ಬೆನ್ನಿನ ಮೇಲೆ ತೆಳುವಾಗಿತ್ತು. ಬಣ್ಣ ಬಳಿದು ಮಾಡಿದ ಚಿತ್ತಾರವಲ್ಲ ಅದು, ಒಂದೇ ಬಣ್ಣ ನಿಲ್ಲುವ ಆಳದಿಂದಲೇ ಮೂಡಿದ್ದು. ಮೈತುಂಬ ಕೂದಲೆಳೆಯ ಬಿರುಕಿನ ಬಲೆ, ಆ ಬಲೆಯೊಳಗೆ ಎಲೆಯಡಿಕೆಯ ಕಂದು. ತಳ ಬೋಳು, ಇಟ್ಟಿಗೆಯ ಕೆಂಪು, ಗೂಡಿನಲ್ಲಿ ಆಸರೆಗೆಂದು ಮಣ್ಣಿನ ಕೊಳವೆಯ ಮೇಲೆ ಕೂರಿಸಿದ ದುಂಡನೆಯ ಕಲೆ. ಇಪ್ಪತ್ತೆಂಟು ದಳಗಳಲ್ಲಿ ಒಂದು ಮಾತ್ರ ಸೊರಗಿ ಕಡ್ಡಿಯಾಗಿತ್ತು. ಕೊರೆದವನು ಸುತ್ತಿ ಬರುವಷ್ಟರಲ್ಲಿ ಜಾಗ ಸಾಲದೆ ಕೊನೆಯ ದಳವನ್ನು ಇದ್ದಷ್ಟರಲ್ಲಿ ತುರುಕಿದ್ದ. ಎಲಾ ಇವನ, ನನ್ನ ಹಾಗೆಯೇ ಒಬ್ಬ ಅಂದುಕೊಂಡೆ.

ಮುಚ್ಚಳದ್ದು ಉಳಿದದ್ದು ಮೊಗ್ಗಿನಂಥ ಒಂದು ಹಿಡಿ, ಎರಡು ಚೂರು. ಮಿಕ್ಕದ್ದನ್ನು ಗುಡಿಸಿ ತಿಪ್ಪೆಗೆ ಹಾಕಿದ್ದರು.

"ನಮ್ಮೆಜಮಾನ್ರು ಇದ್ರಲ್ಲಿ ಸುಣ್ಣ ಇಕ್ಕತಾರೆ ಕಣಪ್ಪ. ಅವ್ರಪ್ಪನೂ ಇದ್ರಲ್ಲೇ, ಅವ್ರ ತಾತನೂ ಇದ್ರಲ್ಲೇ," ಅಂದರು ಅಜ್ಜಿ. "ಆ ತಾತ ಆನೆ ಸಂಗಡ ಹಡಗಲ್ಲಿ ಸಯಾಮಿಗೆ ಓಗಿದ್ರಂತೆ, ತೇಗದ ದಿಮ್ಮಿ ಎಳ್ಸಕ್ಕೆ. ಅಲ್ಲಿಂದ ತಂದದ್ದು ಇದೊಂದೇಯ."

ಅಜ್ಜಿಯ ಗಂಡನೂ ಆನೆ ಕ್ಯಾಂಪಿನಲ್ಲಿ ಆನೆಗೆ ಮೇವು ನೀರು ನೋಡುವ ಕಾವಾಡಿಯಾಗಿದ್ದವರು. ಈಗ ಮೂರು ವರ್ಷದಿಂದ ಮರೆವಿನ ಕಾಯಿಲೆ. ಮಗನನ್ನು ಯಾರೋ ಗಾರ್ಡು ಅನ್ನುತ್ತಾರೆ. ಹೆಂಡತಿಯನ್ನು ಯಾರವ್ವ ನೀನು ಅನ್ನುತ್ತಾರೆ. ಆದರೆ ಬೆಳಿಗ್ಗೆ ಗಂಜಿ ಕುಡಿದ ಮೇಲೆ ಜಗುಲಿಯಲ್ಲಿ ಕೂತು, ಡಬ್ಬಿಯ ಮುಚ್ಚಳ ತೆಗೆದು ಎಡಮಂಡಿಯ ಮೇಲೆ ಇಟ್ಟುಕೊಂಡು, ಬೆರಳಲ್ಲಿ ಸುಣ್ಣ ತೆಗೆದು ಎಲೆಗೆ ಸವರಿ, ಅಡಿಕೆ ಇಟ್ಟು ಮಡಿಸಿ, ಮೊದಲ ಎಲೆಯನ್ನು ಹೆಂಡತಿಯ ಕಡೆ ಚಾಚುತ್ತಿದ್ದರಂತೆ. ಚಾಚಿ, "ತಗೋ ಚಿಕ್ತಾಯಿ" ಎಂದು ಹೆಸರು ಹಿಡಿದು ಕರೆಯುತ್ತಿದ್ದರಂತೆ. ಇಡೀ ದಿನದಲ್ಲಿ ಹೆಂಡತಿಯ ಗುರುತು ಹತ್ತುತ್ತಿದ್ದದ್ದು ಆ ಒಂದು ಗಳಿಗೆ. ಐವತ್ತು ವರ್ಷದ ಅಭ್ಯಾಸ, ಕೈಗೆ ಗೊತ್ತಿತ್ತು, ಕೈ ಹೋದ ಕಡೆ ನಾಲಿಗೆ ಹೋಗುತ್ತಿತ್ತು.

ಎರಡು ತಿಂಗಳ ಕೆಳಗೆ ಮುಚ್ಚಳ ಜಾರಿ ಒಗೆಯುವ ಕಲ್ಲಿನ ಮೇಲೆ ಬಿತ್ತು. ಅವತ್ತಿನಿಂದ ಅವರ ಕೈ ಮೊದಲ ಹೆಜ್ಜೆಯಲ್ಲೇ ನಿಂತುಬಿಡುತ್ತದೆ. ಮುಚ್ಚಳವಿದ್ದ ಜಾಗದಲ್ಲಿ ಗಾಳಿಯನ್ನು ತಡಕುತ್ತಾರೆ. ಸ್ಟೀಲಿನ ಮುಚ್ಚಳ ಇಟ್ಟರೆ ಎಸೆಯುತ್ತಾರೆ. ಮಧ್ಯಾಹ್ನದವರೆಗೆ ಒಂದೇ ಮಾತು, "ಮುಚ್ಚಳ ಎಲ್ಲಿ?"

"ಅಲ್ಲಿಂದಾಚೆಗೆ ನನ್ನ ಎಸ್ರೇ ಇಡಿದಿಲ್ಲ ಕಣಪ್ಪ," ಅಂದರು ಅಜ್ಜಿ. ಅಳಲಿಲ್ಲ. ಟವೆಲನ್ನು ಮಡಿಸಿ ಮಡಿಸಿ ಇಷ್ಟೇ ಇಷ್ಟು ಮಾಡಿದರು. "ಅದೇ ತೂಕ, ಅದೇ ಮೊಗ್ಗು ಇರ್ಬೇಕು. ಆಯ್ತದಾ?"

ಆಯ್ತದೆ ಅಂದೆ. ಅನ್ನದೆ ಏನು ಮಾಡಲಿ?

ಮೊದಲ ಕೆಲಸವಾಗಿ ಫೋಟೋ ತೆಗೆದು ಮೈಸೂರಿನ ಒಬ್ಬ ಮೇಡಂಗೆ ಕಳಿಸಿದೆ. ಹಳೆಯ ಪಿಂಗಾಣಿ, ಮಣ್ಣಿನ ಪಾತ್ರೆ ಜೋಡಿಸುವುದರಲ್ಲಿ ಕಲಿತವರು. ಅರ್ಧ ಗಂಟೆಯೊಳಗೆ ಫೋನು ಬಂತು. ಥಾಯ್ ದೇಶದ, ಅಂದರೆ ಸಯಾಮಿನ, ಸೆಲಡಾನ್ ಎಂಬ ಹಸಿರು ಲೇಪದ ಹಳೆಯ ಪಾತ್ರೆ ಇದು, ಉತ್ತರದ ಗೂಡುಗಳದ್ದು, ಐನೂರು ವರ್ಷದ ಮೇಲಿನದಿರಬಹುದು ಅಂದರು. ಬೂದಿಯ ಲೇಪ, ಗೂಡಿನಲ್ಲಿ ಗಾಳಿ ಕಟ್ಟಿ ಹೊಗೆಯಲ್ಲಿ ಬೇಯಿಸಿದರೆ ಲೇಪದೊಳಗಿನ ಕಬ್ಬಿಣ ಹೀಗೆ ಹಸಿರಾಗುತ್ತದೆ ಎಂದೂ ವಿವರಿಸಿದರು. ಕೊನೆಯಲ್ಲಿ, "ಹೊಸ ಮುಚ್ಚಳ ಎಷ್ಟು ಬೇಕಾದರೂ ಮಾಡಿ. ಮೂಲ ಡಬ್ಬಿಗೆ ಮಾತ್ರ ಏನೂ ಮಾಡಬೇಡಿ. ಕೇಳಿಸ್ತಾ?" ಅಂದರು. ಕೇಳಿಸ್ತು ಮೇಡಂ ಅಂದೆ.

ಅಜ್ಜಿ ಬಿಟ್ಟುಹೋದ ಡಬ್ಬಿಯ ಒಳಗೆ ಮೂರು ತಲೆಮಾರಿನ ಸುಣ್ಣ ಕಲ್ಲುಗಟ್ಟಿತ್ತು. ಅಳತೆ ತೆಗೆಯಬೇಕಾದರೆ ಅದು ಹೋಗಬೇಕು. ಅಜ್ಜಿಯನ್ನು ಕೇಳಿಯೇ ಹುಣಸೆ ನೀರಿನಲ್ಲಿ ನೆನೆಹಾಕಿ, ಬಿದಿರು ಕಡ್ಡಿಯಲ್ಲಿ ಕೆರೆದು ತೆಗೆದೆ. ಒಳಗೂ ಹಸಿರೇ. ತಳದಲ್ಲಿ ಮಾತ್ರ ಬಿಳಿ ದಾರದಂಥ ಒಂದು ಗೆರೆ ಉಳಿಯಿತು. ಹಳೆಯ ಬಿರುಕು, ಹೊರಗಿನ ತನಕ ದಾಟಿಲ್ಲ, ಇರಲಿ ಎಂದು ಬಿಟ್ಟೆ. ಬಿರುಕು ಬಿಳಿ ಯಾಕಿದೆ ಎಂದು ಕೇಳಿಕೊಳ್ಳಲಿಲ್ಲ.

ಇಲ್ಲೊಂದು ಮಾತು ಹೇಳಬೇಕು. ಸುಣ್ಣದ ಕಲ್ಲು ಅಂದರೆ ನಮ್ಮ ಮನೆಯಲ್ಲಿ ಹಾವಿಗಿಂತ ಹೆಚ್ಚು ಭಯ. ಕೆರೆಯ ಮಣ್ಣಿನಲ್ಲಿ ಜೋಳದಷ್ಟು ದಪ್ಪದ ಬಿಳಿ ಹರಳು ಇರುತ್ತದೆ. ಅದೊಂದು ಕಣ್ಣುತಪ್ಪಿ ಮಡಕೆಯೊಳಗೆ ಸೇರಿದರೆ, ಬೆಂಕಿಯಲ್ಲಿ ಸುಟ್ಟು ಸುಣ್ಣವಾಗುತ್ತದೆ. ಮಡಕೆ ಚೆನ್ನಾಗಿಯೇ ಹೊರಗೆ ಬರುತ್ತದೆ, ತಟ್ಟಿದರೆ ಠಣ್ಣನೆ ಸದ್ದೂ ಕೊಡುತ್ತದೆ. ಆಮೇಲೆ ಒಳಗಿನ ಸುಣ್ಣ ಗಾಳಿಯ ತೇವ ಕುಡಿದು ಉಬ್ಬಿ, ಒಂದು ದಿನ ಪಟ್ ಅಂತ ಮಡಕೆಯನ್ನು ಸೀಳುತ್ತದೆ. ನಮ್ಮಪ್ಪ ಬದುಕಿರುವ ತನಕ ಮಣ್ಣನ್ನು ಮೊರದಲ್ಲಿ ಹರವಿಕೊಂಡು ಬೆರಳಲ್ಲಿ ಸವರಿ ಸವರಿ ಆ ಹರಳು ಆಯುತ್ತಿದ್ದರು. ನನಗೆ ಅಕ್ಷರ ಬರುವ ಮೊದಲೇ ಸುಣ್ಣದ ಹರಳು ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದ್ದವನು ನಾನು.

ಬಣ್ಣದ ಕೆಲಸ ಹಿಡಿದೆ. ಬೆಟ್ಟದಪುರದಲ್ಲಿ ಪರಿಚಯದವನೊಬ್ಬನ ಹೊಗೆಸೊಪ್ಪಿನ ಬ್ಯಾರನ್ ಇದೆ. ಸೊಪ್ಪು ಹದ ಮಾಡಲು ಒಲೆ ಉರಿಸಿದ ಬೂದಿ ಅಲ್ಲಿ ರಾಶಿ ಬಿದ್ದಿರುತ್ತದೆ. "ಬೂದಿಗ್ಯಾಕ್ಲಾ ಇಷ್ಟ್ ದೂರ ಬಂದೆ, ನಿಮ್ಮನೇಲಿ ಒಲೆ ಹಚ್ಚಲ್ವಾ?" ಎಂದು ಅವನು ರೇಗಿಸಿದ. ಎರಡು ಚೀಲ ತಂದು, ಜರಡಿ ಹಿಡಿದು, ಮೂರು ನೀರಲ್ಲಿ ತೊಳೆದು ಒಣಗಿಸಿದೆ. ಅದಕ್ಕೆ ಫೆಲ್ಡ್‌ಸ್ಪಾರ್ ಎಂಬ ಬಿಳಿಕಲ್ಲಿನ ಪುಡಿ, ಚಿಟಿಕೆ ಲೆಕ್ಕದಲ್ಲಿ ನಮ್ಮ ಕೆರೆಯ ಕೆಮ್ಮಣ್ಣು. ಗೆರೆ ಕೊರೆದ ಹದಿನಾಲ್ಕು ಮಣ್ಣಿನ ಬಿಲ್ಲೆ ಮಾಡಿ ಹದಿನಾಲ್ಕು ಪಾಕ ಸವರಿದೆ.

ಮೊದಲ ಬೆಂಕಿಯಲ್ಲಿ ಹದಿನಾಲ್ಕೂ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿದವು. ಗಾಳಿ ಜಾಸ್ತಿಯಾಗಿತ್ತು. ಎರಡನೆಯ ಸಲ ಹೊಗೆಗಂಡಿಗೆ ಇಟ್ಟಿಗೆ ಅಡ್ಡ ಇಟ್ಟು ಉಸಿರುಗಟ್ಟಿಸಿದೆ. ಹಸಿರು ಬಂತು, ಆದರೆ ಲೇಪ ನೀರಾಗಿ ಇಳಿದು ಕೊರೆದ ಗೆರೆಗಳನ್ನೆಲ್ಲ ಮುಚ್ಚಿತು. ದಳವೇ ಕಾಣದಿದ್ದ ಮೇಲೆ ಹಸಿರು ಕಟ್ಟಿಕೊಂಡು ಏನು? ಬೂದಿ ಕಮ್ಮಿ ಮಾಡಿ ಮೂರನೆಯ ಸಲ ಇಟ್ಟಾಗ ಒಂಬತ್ತನೆಯ ಬಿಲ್ಲೆ ಎದ್ದು ಬಂತು. ಗೆರೆಯಲ್ಲಿ ಕಡು, ಬೆನ್ನಲ್ಲಿ ತಿಳಿ. ಡಬ್ಬಿಯ ಪಕ್ಕದಲ್ಲಿಟ್ಟು ನೋಡಿದ ನನ್ನಾಕೆ, "ಅಬ್ಬಾ, ಅಂತೂ ಒಂದಾಯ್ತಲ್ಲ" ಅಂದಳು. ನನ್ನ ಕೆಲಸಕ್ಕೆ ಅವಳ ಬಾಯಿಂದ ಅಬ್ಬಾ ಬರುವುದು ಹಬ್ಬಕ್ಕೊಮ್ಮೆ.

ದಳ ಕೊರೆಯುವುದಕ್ಕೆ ಛತ್ರಿಯ ಕಡ್ಡಿ ಮಸೆದು ಚೂರಿ ಮಾಡಿಕೊಂಡೆ. ಹಳೆಯ ಚೂರುಗಳನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಆ ಸಯಾಮಿನವನ ಕೈ ಹೇಗೆ ಓಡಿದೆ ಎಂದು ನೋಡುವುದು, ಹಸಿಮಣ್ಣಿನ ಮೇಲೆ ಎಳೆಯುವುದು, ಅಳಿಸುವುದು. ಅವನು ಗೆರೆಯ ಕೊನೆಯಲ್ಲಿ ಚೂರಿಯನ್ನು ಎತ್ತುತ್ತಿರಲಿಲ್ಲ, ತಿರುಚಿ ಬಿಡುತ್ತಿದ್ದ. ಅದು ಕೈಗೆ ಹತ್ತಲು ನನಗೆ ಒಂದು ವಾರ ಬೇಕಾಯಿತು.

ಇಷ್ಟೆಲ್ಲ ಗೆದ್ದವನನ್ನು ಸೋಲಿಸಿದ್ದು ಬಾಯಿ. ಡಬ್ಬಿಯ ಬಾಯಿ ದುಂಡಗಿರಲಿಲ್ಲ. ಹಿಂದಿನ ಬೆಂಕಿಯಲ್ಲಿ ಒಂದಿಷ್ಟು ಸೊಟ್ಟಗಾಗಿತ್ತು, ಅಂಚು ಒಂದು ಕಡೆ ಅಕ್ಕಿ ಕಾಳಿನಷ್ಟು ತಗ್ಗು. ಮಣ್ಣು ಬೆಂದಾಗ ನೂರಕ್ಕೆ ಹನ್ನೆರಡರಷ್ಟು ಕುಗ್ಗುತ್ತದೆ. ಅದನ್ನೆಲ್ಲ ಲೆಕ್ಕ ಹಾಕಿ, ಸೊಟ್ಟಕ್ಕೆ ಸೊಟ್ಟ ಒತ್ತಿ ಮುಚ್ಚಳ ಮಾಡಿದರೂ ಬೆಂಕಿಯಲ್ಲಿ ಅದು ತನಗೆ ತೋಚಿದ ಹಾಗೆ ತಿರುಗುತ್ತಿತ್ತು. ಡಬ್ಬಿಯ ಮೇಲಿಟ್ಟರೆ ಟಕ ಟಕ ಅಲ್ಲಾಡುತ್ತಿತ್ತು.

ಎರಡನೆಯ ಮುಚ್ಚಳವನ್ನು ಅಲ್ಲಾಡಿದರೆ ಅಲ್ಲಾಡಲಿ ಎಂದು ಡಬ್ಬಿಯ ಜೊತೆ ತೆಗೆದುಕೊಂಡು ಅಂತರಸಂತೆಗೆ ಹೋದೆ. ಜಗುಲಿಯಲ್ಲಿ ಅಜ್ಜನನ್ನು ಅವತ್ತೇ ಮೊದಲು ನೋಡಿದ್ದು. ಒಣಗಿದ ದೊಡ್ಡ ಆಳು, ಕೈಗಳು ಮಾತ್ರ ಇನ್ನೂ ಆನೆ ಹಿಡಿಯುವಷ್ಟು ಅಗಲ. ಅಜ್ಜಿ ಡಬ್ಬಿಯನ್ನು ಮುಂದಿಟ್ಟರು. ಅಜ್ಜ ಅದನ್ನು ಎಡಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತಾ ಹೋದರು. ಆ ಸೊರಗಿದ ದಳ ಹೆಬ್ಬೆರಳಿಗೆ ಸಿಕ್ಕಿದ ಕೂಡಲೇ ನಿಲ್ಲಿಸಿದರು. ಆಮೇಲೆ ಬಲಗೈ ಮುಚ್ಚಳದ ಮೊಗ್ಗಿಗೆ ಹೋಯಿತು. ಮೊಗ್ಗು ಮುಟ್ಟಿದರು, ಮುಚ್ಚಳ ಟಕ್ ಎಂದಿತು. ಕೆಂಡ ಮುಟ್ಟಿದವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡು ನನ್ನನ್ನು ನೋಡಿ ಕೇಳಿದರು.

"ಮುಚ್ಚಳ ಎಲ್ಲಿ?"

"ಇದೇಯ ಕಣ್ರೀ," ಅಂದರು ಅಜ್ಜಿ.

"ನೀನ್ಯಾರವ್ವ? ಮುಚ್ಚಳ ಎಲ್ಲಿ?"

ವಾಪಸು ಬರುವಾಗ ಡಬ್ಬಿಯನ್ನೂ ಮುಚ್ಚಳವನ್ನೂ ಚೀಲದಲ್ಲಿಟ್ಟುಕೊಂಡು ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದೆ. ರಸ್ತೆ ಕುಲುಕಿದಾಗಲೆಲ್ಲ ಚೀಲದೊಳಗೆ ಟಕ ಟಕ. ಹುಣಸೂರು ಬರುವಷ್ಟರಲ್ಲಿ ನನಗೆ ತಲೆ ಕೆಟ್ಟುಹೋಗಿತ್ತು.

ಮೂರನೆಯದೂ ಅಲ್ಲಾಡಿತು. ನಾಲ್ಕನೆಯದೂ ಅಲ್ಲಾಡಿತು. ಆವಾಗ ಹೊಳೆಯಿತು ನೋಡಿ ಉಪಾಯ, ಹೊಳೆಯಬಾರದಿತ್ತು. ನಮ್ಮಲ್ಲಿ ಮುಚ್ಚಳವಿರುವ ಗಡಿಗೆಯನ್ನು ಯಾವತ್ತೂ ಬೇರೆ ಬೇರೆ ಸುಡುವುದಿಲ್ಲ. ಗಡಿಗೆಯ ಮೇಲೆ ಮುಚ್ಚಳ ಕೂರಿಸಿಯೇ ಗೂಡಿಗಿಡುತ್ತೇವೆ. ಒಟ್ಟಿಗೆ ಬೆಂದರೆ ಒಂದರ ಸೊಟ್ಟಕ್ಕೆ ಇನ್ನೊಂದು ಬಾಗುತ್ತದೆ, ಜೋಡಿ ಕೂಡುತ್ತದೆ. ಅಪ್ಪ ಕಲಿಸಿದ್ದೂ ಅದೇ, ಅಪ್ಪನ ಅಪ್ಪ ಮಾಡಿದ್ದೂ ಅದೇ. ಸಯಾಮಿನವನೂ ಹಾಗೇ ಮಾಡಿದ್ದ, ಡಬ್ಬಿಯ ಅಂಚಿಗೆ ಲೇಪ ಬಳಿಯದೆ ಬೋಳು ಬಿಟ್ಟದ್ದೇ ಅದಕ್ಕೆ ಸಾಕ್ಷಿ. ಹಸಿ ಮುಚ್ಚಳವನ್ನು ಈ ಹಳೆಯ ಡಬ್ಬಿಯ ಮೇಲೇ ಕೂರಿಸಿ ಒಟ್ಟಿಗೆ ಸುಟ್ಟರೆ ಮೆತ್ತಗಾದ ಮುಚ್ಚಳ ಅದೇ ಬಾಯಿಗೆ ಬಾಗಿ ಕೂರುತ್ತದೆ. ಡಬ್ಬಿ ಹೇಗಿದ್ದರೂ ಅದೇ ಬೆಂಕಿ ಕಂಡು ಬಂದದ್ದು. ಒಮ್ಮೆ ಬೆಂದದ್ದಕ್ಕೆ ಬೆಂಕಿ ಇನ್ನೇನು ಮಾಡುತ್ತದೆ?

ಮೇಡಂಗೆ ಫೋನು ಮಾಡಲಿಲ್ಲ. ಮಾಡಿದರೆ ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತು. ನನ್ನಾಕೆ ಮಾತ್ರ ಡಬ್ಬಿಯನ್ನು ಕೈಯಲ್ಲಿ ಹಿಡಿದು ಒಳಗೆ ನೋಡಿ ಕೇಳಿದಳು.

"ಇದ್ರಲ್ಲಿ ಸುಣ್ಣ ಇತ್ತಲ್ಲ ಕಣ್ರೀ?"

"ಹುಣಸೆ ನೀರಲ್ಲಿ ತೊಳ್ದಿದ್ದೀನಿ ಬುಡು."

"ತಳದಲ್ಲಿ ಬೆಳ್ಗೆ ಕಾಣ್ತದೆ."

"ಬಿರುಕು ಕಣೆ ಅದು. ನಿಂಗೆಲ್ಲ ಗೊತ್ತಾಯ್ತದೆ, ನಂಗೆ ಏನೂ ಗೊತ್ತಿಲ್ಲ!"

ಅವಳು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅಷ್ಟಕ್ಕೇ ಬಿಡುವವಳಲ್ಲ, ಆದರೆ ನನ್ನ ದನಿ ಹಾಗಿತ್ತು. ನನಗೆ ಸಿಟ್ಟು ಬಂದಿದ್ದು ಅವಳ ಮೇಲಲ್ಲ, ನಾಲ್ಕು ಮುಚ್ಚಳಗಳ ಮೇಲೆ. ಜಗಳ ಮುಗಿಸುವುದಕ್ಕಿಂತ ಆ ಬಿಳಿ ಗೆರೆಯನ್ನು ಇನ್ನೊಂದು ದಿನ ಹುಳಿಯಲ್ಲಿ ನೆನೆಹಾಕಿದ್ದರೆ ಆಗುತ್ತಿತ್ತು. ಒಂದೇ ಒಂದು ದಿನ.

ಅಂಚಿಗೆ ಭತ್ತದ ಹೊಟ್ಟಿನ ಬೂದಿ ಸವರಿ ಅಂಟದ ಹಾಗೆ ಮಾಡಿ, ಐದನೆಯ ಮುಚ್ಚಳವನ್ನು ಕೂರಿಸಿದೆ. ಬೆಳಕು ಹರಿಯುವಾಗ ಒಲೆ ಹಚ್ಚಿದೆ. ಹಳೆಯ ಪಾತ್ರೆ ಬೆಚ್ಚಿ ಬಿರಿಯಬಾರದೆಂದು ನಾಲ್ಕು ಗಂಟೆ ಬರೀ ತೆಂಗಿನ ಚಿಪ್ಪಿನ ಸಣ್ಣ ಉರಿ. ಆಮೇಲೆ ಸರ್ವೆ ಸೌದೆ. ಮಧ್ಯಾಹ್ನಕ್ಕೆ ಗೂಡಿನ ಕಿಂಡಿ ಕೆಂಪಾಯಿತು, ಮೂರರ ಹೊತ್ತಿಗೆ ಹಳದಿ. ಹೊಗೆಗಂಡಿಯನ್ನು ಮುಕ್ಕಾಲು ಮುಚ್ಚಿದೆ. ಒಳಗಿಟ್ಟ ಮಣ್ಣಿನ ಕಡ್ಡಿ ಬಾಗಿದರೆ ಶಾಖ ಸಾಕು ಅಂತ ಗುರುತು. ಸಂಜೆ ಐದಕ್ಕೆ ಅದು ತಲೆ ಬಾಗಿಸಿತು, ಎಲ್ಲ ಮುಚ್ಚಿ ಮಣ್ಣು ಮೆತ್ತಿದೆ. ಒಂದೂವರೆ ದಿನ ಗೂಡಿನ ಸುತ್ತ ಸುತ್ತುತ್ತಿದ್ದೆ, ಉಣ್ಣು ಅಂದರೆ ಉಂಡೆ, ಕೂರು ಅಂದರೆ ಕೂತೆ.

ಇಬ್ಬರೂ ಸೇರಿ ಗೂಡು ಬಿಚ್ಚಿದೆವು. ಡಬ್ಬಿ ಹಾಗೇ ಇತ್ತು. ಮೈಯ ಬಿರುಕುಗಳಲ್ಲಿದ್ದ ಕಂದು ಸುಟ್ಟುಹೋಗಿ ಹೊಸದರಂತೆ ಹೊಳೆಯುತ್ತಿತ್ತು. ಮುಚ್ಚಳವನ್ನು ಬೆರಳಲ್ಲಿ ಒತ್ತಿದೆ. ಸದ್ದಿಲ್ಲ. ಈ ಕಡೆ ಒತ್ತಿದೆ, ಆ ಕಡೆ ಒತ್ತಿದೆ, ಸದ್ದಿಲ್ಲ. ಮೊಗ್ಗು ಹಿಡಿದು ಎತ್ತಿದರೆ ಸಲೀಸಾಗಿ ಬಂತು, ಇಟ್ಟರೆ ಕಚ್ಚಿ ಕೂತಿತು. ನನ್ನಾಕೆಗೆ, "ನೋಡ್ದಾ?" ಅಂದೆ. "ನೋಡ್ದೆ ನೋಡ್ದೆ, ಮೆರೀಬ್ಯಾಡಿ," ಅಂದಳು, ಸೆರಗಲ್ಲಿ ಕಣ್ಣೊರೆಸಿಕೊಂಡು.

ಮಾರನೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಜಗುಲಿಯಲ್ಲಿ ಅಜ್ಜ ಗಂಜಿ ಕುಡಿದು ಕೂತಿದ್ದರು. ಅಜ್ಜಿ ಡಬ್ಬಿಯನ್ನು ತಿರುಗಿಸಿ ನೋಡಿ, "ಇದೇನಪ್ಪ, ಒಸಾದಂಗೆ ಆಗದೆ?" ಅಂದರು. ಬೆಂಕಿಗಿಟ್ಟಿದ್ದೆ, ಕೊಳೆ ಹೋಯ್ತು ಅಂದೆ. ಅವರ ಮುಖ ಒಂದಿಷ್ಟು ಸಪ್ಪಗಾಯಿತು. "ಒಪ್ತಾರೋ ಇಲ್ವೋ," ಅನ್ನುತ್ತಲೇ ಹೊಸ ಸುಣ್ಣ ತುಂಬಿ, ನೀರು ಚಿಮುಕಿಸಿ, ಮುಚ್ಚಿ, ಗಂಡನ ಮುಂದಿಟ್ಟು ಎದುರಿಗೆ ಕೂತರು.

ಅಜ್ಜ ಡಬ್ಬಿ ಎತ್ತಿಕೊಂಡರು. ಹೆಬ್ಬೆರಳು ದಳ ದಳವನ್ನೂ ದಾಟಿ ಸೊರಗಿದ ದಳಕ್ಕೆ ಬಂದು ನಿಂತಿತು. ಬಲಗೈ ಮೊಗ್ಗನ್ನು ಹಿಡಿಯಿತು. ಮುಚ್ಚಳ ಸದ್ದಿಲ್ಲದೆ ಎದ್ದು ಬಂದು ಎಡಮಂಡಿಯ ಮೇಲೆ ಕೂತಿತು. ತೋರುಬೆರಳು ಸುಣ್ಣಕ್ಕೆ ಹೋಯಿತು. ಎಲೆಯನ್ನು ತೊಡೆಗೆ ಒರೆಸಿ, ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿದರು. ಮಡಿಸಿದ್ದನ್ನು ಮುಂದಕ್ಕೆ ಚಾಚಿದರು.

"ತಗೋ ಚಿಕ್ತಾಯಿ."

ಅಜ್ಜಿ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಲು ಕೈ ಏಳಲೇ ಇಲ್ಲ.

"ತಗೋ ಅಂದ್ರೆ," ಅಂದರು ಅಜ್ಜ, ರೇಗಿ. "ಕೈ ಸೋತು ಬತ್ತದೆ. ಎಲ್ಲೋಗಿದ್ದೆ ಇಷ್ಟ್ ದಿನ?"

ಬಾಗಿಲಲ್ಲಿ ನಿಂತಿದ್ದ ಸೊಸೆ ಒಳಗೆ ಓಡಿದರು. ನಾನು ಅಂಗಳದ ಹಲಸಿನ ಮರದ ಕಡೆ ತಿರುಗಿ ನಿಂತೆ. ಬದುಕಿನಲ್ಲಿ ಎಷ್ಟು ಸಾವಿರ ಪಾತ್ರೆ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ, ಆದರೆ ಕಸುಬು ಕಲಿತದ್ದು ಇದಕ್ಕೇ ಇರಬೇಕು ಎಂದು ಅವತ್ತು ಅನ್ನಿಸಿತು. ಅಜ್ಜಿ ಬಾಯಿತುಂಬ ಎಲೆ ಹಾಕಿಕೊಂಡು, ಅಳುತ್ತಲೇ, ನನಗೆ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟರು.

ಆಮೇಲೆ ದಿನಾ ಬೆಳಿಗ್ಗೆ ಸೊಸೆಯಿಂದ ಮೆಸೇಜು ಬರುತ್ತಿತ್ತು. ಇವತ್ತೂ ಕರೆದರು. ಇವತ್ತೂ ಕರೆದರು. ಒಂದು ದಿನ, ಬೇಗ ಹುಲ್ಲು ತಾ ಚಿಕ್ತಾಯಿ ಆನೆ ಹಸಿದದೆ ಅಂದರಂತೆ. ನನ್ನಾಕೆಗೆ ಓದಿ ಹೇಳುವುದು ನನ್ನ ಬೆಳಗಿನ ಕೆಲಸವಾಯಿತು. ಆ ವಾರ ಮಳೆ ಹಿಡಿಯಿತು. ಗೋಡೆ, ಸೌದೆ, ಬಟ್ಟೆ ಎಲ್ಲ ತೇವ.

ಹನ್ನೆರಡನೆಯ ದಿನ ಮೆಸೇಜು ಬರಲಿಲ್ಲ. ಹತ್ತು ಗಂಟೆಗೆ ಫೋನು ಬಂತು.

"ಅಣ್ಣಾ, ಡಬ್ಬಿ ಒಡ್ದೋಯ್ತು," ಅಂದರು ಸೊಸೆ. "ಯಾರೂ ಬೀಳಿಸ್ಲಿಲ್ಲ ಕಣಣ್ಣ. ಮಾವನ ಕೈಯಲ್ಲೇ ಇತ್ತು. ಮುಚ್ಚಳ ತೆಗ್ದು ಮಂಡಿ ಮೇಲೆ ಮಡಗಿದ್ರು, ಪಟ್ ಅಂತ ಸೀಳ್ಕೊಳ್ತು. ತಳ ಎಲ್ಲ ಪುಡಿಪುಡಿ. ಒಳಗೆ ಬೆಳ್ಳಗೆ ಹಿಟ್ಟು ಬಂದದೆ."

ಬೆಳ್ಳಗೆ ಹಿಟ್ಟು ಅಂದ ಕೂಡಲೇ ಗೊತ್ತಾಯಿತು, ಸುಣ್ಣ. ಕೈಯಲ್ಲಿದ್ದ ಮಣ್ಣಿನ ಮುದ್ದೆಯನ್ನು ಇಡುವುದೂ ಮರೆತು ನಿಂತಿದ್ದೆ. ನೂರು ವರ್ಷ ಆ ಬಿರುಕು ಸುಣ್ಣ ಕುಡಿದಿತ್ತು. ಕುಡಿದು ಕಲ್ಲಾಗಿ, ಯಾರಿಗೂ ತೊಂದರೆ ಕೊಡದೆ, ಡಬ್ಬಿಯನ್ನು ಹಿಡಿದುಕೊಂಡೇ ಕೂತಿತ್ತು. ಅದನ್ನು ಬೆಂಕಿಗಿಟ್ಟು ಎಬ್ಬಿಸಿದವನು ನಾನು. ಅಪ್ಪ ಮೊರದಲ್ಲಿ ಬೆರಳಾಡಿಸಿ ಆಯುತ್ತಿದ್ದ ಅದೇ ಹರಳು. ಹೆಂಡತಿಯ ಮುಖ ನೋಡಿದೆ. ಅವಳು ಹೇಳಬಹುದಿತ್ತು, ನಾನು ಅವತ್ತೇ ಅಂದಿದ್ದೆ ಎಂದು. ಬದಲಿಗೆ ಮುದ್ದೆಯನ್ನು ನನ್ನ ಕೈಯಿಂದ ತೆಗೆದಿಟ್ಟಳು. ಬೈದಿದ್ದರೇ ಚೆನ್ನಾಗಿತ್ತು.

ಮೇಡಂಗೆ ಫೋನು ಮಾಡಿ ಎಲ್ಲ ಒಪ್ಪಿಕೊಂಡೆ. ಅವರು, ಅಂಟಿಸಿದರೂ ಉಳಿದ ಸುಣ್ಣ ಉಬ್ಬುತ್ತಲೇ ಇರುತ್ತದೆ, ಚೂರುಗಳನ್ನು ತಿಂಗಳುಗಟ್ಟಲೆ ನೆನೆಸಿ ಸುಣ್ಣ ಬಿಡಿಸಬೇಕು, ತಳವಂತೂ ಸಿಗುವುದಿಲ್ಲ ಅಂದರು. ಚೂರುಗಳನ್ನು ಅವರಿಗೇ ಕಳಿಸಿದೆವು.

ಸುಮ್ಮನೆ ಕೂರಲು ಆಗಲಿಲ್ಲ. ಇಡೀ ಡಬ್ಬಿಯನ್ನೇ ಹೊಸದಾಗಿ ಮಾಡಲು ಹಿಡಿದೆ. ಬೂದಿ ಇತ್ತು, ಪಾಕ ಗೊತ್ತಿತ್ತು, ಫೋಟೋ ಇತ್ತು, ಅಳತೆ ಇತ್ತು. ಇಪ್ಪತ್ತೇಳು ದಳ ಕೊರೆದು, ಕೊನೆಯದನ್ನು ಅವನ ಹಾಗೆಯೇ ಸೊರಗಿಸಿದೆ. ಬಾಯಿ ಸೊಟ್ಟ ಮಾಡಿದೆ. ಮೂರು ವಾರ, ಆರು ಡಬ್ಬಿ; ಆರನೆಯದಕ್ಕೆ ಆ ಮುಚ್ಚಳ ಅಲ್ಲಾಡದೆ ಕೂರುವಷ್ಟಾಯಿತು ಅಂತ ಅಳತೆ ಹೇಳಿತು. ತೆಗೆದುಕೊಂಡು ಹೋದೆ.

ಅಜ್ಜಿ ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಮುಚ್ಚಳ ಅಜ್ಜನ ಎಡಮಂಡಿಯ ಮೇಲೆಯೇ ಇತ್ತು. ಬೆಳಗಾದರೆ ಅದನ್ನು ಕೇಳಿ ಇಸಿದುಕೊಂಡು ಅಲ್ಲಿಟ್ಟುಕೊಳ್ಳುತ್ತಾರಂತೆ. ಹೊಸ ಡಬ್ಬಿಗೆ ಸುಣ್ಣ ತುಂಬಿ ಮುಂದಿಟ್ಟೆವು. ಅಜ್ಜ ಎತ್ತಿಕೊಂಡರು. ಹೆಬ್ಬೆರಳು ಹೊರಟಿತು. ಒಂದು ದಳ, ಎರಡು ದಳ. ಸೊರಗಿದ ದಳದ ಮೇಲೆ ಬಂತು, ನಿಲ್ಲಲಿಲ್ಲ, ದಾಟಿ ಹೋಯಿತು. ಇನ್ನೊಂದು ಸುತ್ತು ಬಂದು ಮತ್ತೆ ದಾಟಿತು. ಆಗ ನನಗೆ ಅರ್ಥವಾಯಿತು. ಹಳೆಯ ದಳವನ್ನು ಮೂರು ತಲೆಮಾರಿನ ಹೆಬ್ಬೆರಳು ಸವೆಸಿ ಗುಳಿ ಮಾಡಿತ್ತು. ನನ್ನದು ಮೊನೆ ಮೊನೆಯಾಗಿತ್ತು. ಕಣ್ಣಿಗೆ ಬೇಕಾದ್ದನ್ನು ಮಾಡಿದ್ದೆ, ಬೆರಳಿಗೆ ಬೇಕಾದ್ದನ್ನಲ್ಲ.

ಅಜ್ಜ ಡಬ್ಬಿಯನ್ನು ಪಕ್ಕಕ್ಕೆ ಇಟ್ಟರು. ಎಸೆಯಲಿಲ್ಲ. ಬೇರೆಯವರ ಮನೆಯ ಸಾಮಾನು ಇಡುವ ಹಾಗೆ ಮರ್ಯಾದೆಯಿಂದ ಇಟ್ಟು, "ಇದು ನಮ್ದಲ್ಲ," ಅಂದರು. ಮಂಡಿಯ ಮೇಲಿನ ಮುಚ್ಚಳವನ್ನು ಮುಟ್ಟಿ ನೋಡಿಕೊಂಡು, ಬಲಗೈಯನ್ನು ಮುಂದಕ್ಕೆ ತಂದು ಗಾಳಿಯಲ್ಲಿ ತಡಕಿದರು. ಎದುರಿಗೆ ಕೂತಿದ್ದ ಹೆಂಡತಿಯ ಮುಖವನ್ನು ನೋಡಿದರು.

"ಯಾರವ್ವ ನೀನು? ಡಬ್ಬಿ ಎಲ್ಲಿ?"

ಅಜ್ಜಿ ನನ್ನ ಕಡೆ ತಿರುಗಿ, ಕೋಪವಿಲ್ಲದೆ, ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದರು.

"ಮುಚ್ಚಳ ಮಾಡ್ಕೊಡಿ ಅಂದ್ರೆ ಡಬ್ಬೀನ ಯಾಕಪ್ಪ ಬೆಂಕಿಗೆ ಇಕ್ಕುದ್ರಿ?"

ನನ್ನ ಹತ್ತಿರ ಉತ್ತರವಿತ್ತು. ಸೊಟ್ಟ ಬಾಯಿ, ನೂರಕ್ಕೆ ಹನ್ನೆರಡು, ಜೋಡಿ ಸುಡುವ ನಮ್ಮ ಪದ್ಧತಿ. ಅದನ್ನೆಲ್ಲ ಬಿಟ್ಟು ತಪ್ಪಾಯ್ತು ಅವ್ವ ಅಂದೆ. ಅವರು ತಲೆಯಾಡಿಸಿ, ಪಕ್ಕದಲ್ಲಿದ್ದ ತಟ್ಟೆಯಿಂದ ಒಂದು ಎಲೆ ತೆಗೆದು, ಪ್ಲಾಸ್ಟಿಕ್ ಟ್ಯೂಬಿನಿಂದ ಸುಣ್ಣ ಹಿಂಡಿ ಸವರಿ, ಮಡಿಸಿ, ಗಂಡನ ಕಡೆ ಚಾಚಿದರು. ಐವತ್ತು ವರ್ಷದಲ್ಲಿ ಆ ಕೈ ಆ ಕಡೆಗೆ ಚಾಚಿದ್ದು ಅದೇ ಮೊದಲಿರಬೇಕು. ಅಜ್ಜ ಅದನ್ನು ನೋಡಿದರು, ತೆಗೆದುಕೊಳ್ಳಲಿಲ್ಲ. ಅಜ್ಜಿ ಕೈಯನ್ನು ಹಾಗೇ ಹಿಡಿದುಕೊಂಡೇ ಇದ್ದರು. ನಾನು ಚೀಲ ತೆಗೆದುಕೊಂಡು ಬಸ್ಸಿಗೆ ಹೊರಟೆ.

ಹೋದ ವಾರ ರೆಸಾರ್ಟಿಗೆ ಬಟ್ಟಲು ಕೊಡಲು ಹೋದಾಗ ಸೊಸೆ ಸಿಕ್ಕಿದ್ದರು. ಅಜ್ಜ ಈಗ ಜಗುಲಿಗೂ ಬರುವುದಿಲ್ಲ, ಮಲಗಿದಲ್ಲೇ ಎದೆಯ ಮೇಲೆ ಮುಚ್ಚಳ ಇಟ್ಟುಕೊಂಡಿರುತ್ತಾರಂತೆ. ಅಜ್ಜಿ ದಿನಾ ಬೆಳಿಗ್ಗೆ ಎಲೆ ಮಡಿಸಿ ಚಾಚಿ, "ನಾನು ಕಣ್ರೀ, ಚಿಕ್ತಾಯಿ" ಎಂದು ತಮ್ಮ ಹೆಸರನ್ನು ತಾವೇ ಹೇಳುತ್ತಾರಂತೆ. ಮುಚ್ಚಳಕ್ಕೆ ಏನೂ ಆಗಿಲ್ಲವಂತೆ. ಎರಡು ಸಲ ಕೆಳಗೆ ಬಿದ್ದರೂ ಗಟ್ಟಿಯಾಗಿಯೇ ಇದೆಯಂತೆ.